ಬೆಟ್ಟದ ರೋಡ್ ಬೇಡ, ಮೈದಾನ ಕೊಡಿ

ನಮ್ಮ ಕ್ಯಾಂಪಸ್‌ನಲ್ಲಿ ಬೈಕ್ ಬಗ್ಗೆ ಮಾತಾಡದೇ ಇರೋ ಹುಡುಗರ ಗುಂಪು ಒಂದು ತೋರಿಸಿ ನೋಡೋಣ. ಟೀ ತಣ್ಣಗಾದರೂ ಡ್ಯೂಕಾ, ಆರ್‌ಒನ್‌ಫೈವಾ ಅನ್ನೋ ಜಗಳ ಮುಗಿಯಲ್ಲ. ಎಫ್‌ಒನ್ ಇರೋ ಭಾನುವಾರ ಹಾಸ್ಟೆಲ್ ಕಾಮನ್ ರೂಮ್‌ನಲ್ಲಿ ಕಾಲಿಡೋಕೆ ಜಾಗ ಸಿಗಲ್ಲ. ಇಷ್ಟೆಲ್ಲ ಜನರಲ್ಲಿ ನಿಜವಾದ ಒಂದು ರೇಸ್‌ನಲ್ಲಿ, ಅಂದರೆ ಟೈಮರ್ ಇಟ್ಟು, ಗಾಡಿ ಚೆಕ್ ಮಾಡಿ, ಬಾವುಟ ಬೀಸಿ ನಡೆಸೋ ರೇಸ್‌ನಲ್ಲಿ ಓಡಿಸಿರುವವರು ಎಷ್ಟು ಜನ? ನಾನು ನಮ್ಮ ಬ್ಯಾಚ್‌ನಲ್ಲಿ ಕೇಳಿದವರಲ್ಲಿ ಒಬ್ಬರೂ ಇಲ್ಲ. "ಬೆಟ್ಟದ ರೋಡಲ್ಲಿ ಸ್ವಲ್ಪ ಎಳೆದಿದ್ದೀನಿ" ಅನ್ನೋರು ಮಾತ್ರ ಬೇಕಾದಷ್ಟು ಸಿಕ್ಕಿದರು.

ಬರೀಬೇಕು ಅನ್ನಿಸಿದ್ದು ಈ ಎರಡರ ಮಧ್ಯದ ಗ್ಯಾಪ್ ಬಗ್ಗೆ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಹಾಗಾಗಿ ಟಾರ್ಕ್‌ಗೆ, ಸ್ಪ್ರಾಕೆಟ್‌ಗೆ ಕನ್ನಡ ಪದ ಯಾವುದು ಅಂತ ಕೇಳಬೇಡಿ. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣನೂ ಸ್ಪ್ರಾಕೆಟ್ ಅಂತಾನೇ ಹೇಳೋದು.

ಚಾಮುಂಡಿ ಬೆಟ್ಟದ ರೋಡ್ ರೇಸ್ ಮಾಡೋ ಜಾಗ ಅಲ್ಲ. ಇದನ್ನ ನೀತಿಪಾಠದ ಥರ ಹೇಳ್ತಿಲ್ಲ, ಎಂಜಿನಿಯರಿಂಗ್ ಓದೋನಾಗಿ ಹೇಳ್ತಿದ್ದೀನಿ. ರೇಸ್ ಟ್ರ್ಯಾಕ್‌ನಲ್ಲಿ ಎಲ್ಲ ಗಾಡಿಗಳೂ ಒಂದೇ ದಿಕ್ಕಿಗೆ ಹೋಗುತ್ತವೆ, ತಿರುವಿನಾಚೆ ಜಾರಿ ನಿಲ್ಲೋಕೆ ಜಾಗ ಬಿಟ್ಟಿರುತ್ತಾರೆ, ಮುಂದೆ ಯಾರಾದರೂ ಬಿದ್ದಿದ್ದರೆ ಹಳದಿ ಬಾವುಟ ತೋರಿಸೋಕೆ ಒಬ್ಬ ನಿಂತಿರುತ್ತಾನೆ. ಬೆಟ್ಟದ ರೋಡಲ್ಲಿ ಇದರಲ್ಲಿ ಒಂದೂ ಇಲ್ಲ. ತಿರುವಿನ ಆ ಕಡೆಯಿಂದ ಸಿಟಿ ಬಸ್ ಬರಬಹುದು. ಹರಕೆ ಹೊತ್ತು ನಡ್ಕೊಂಡು ಹೋಗೋ ಅಜ್ಜಿ ಸಿಗಬಹುದು, ಕೋತಿ ಅಡ್ಡ ಬರಬಹುದು, ರಾತ್ರಿಯಾದರೆ ಚಿರತೆಯೂ ಬರಬಹುದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. 2021ರ ಮಳೆಯಲ್ಲಿ ನಂದಿ ರಸ್ತೆಯ ಒಂದು ಭಾಗ ಕುಸಿದು ಹೋಗಿದ್ದು ನೆನಪಿದೆ ತಾನೆ? ಸುಮ್ಮನೆ ನಿಂತಿದ್ದ ರಸ್ತೆಯೇ ಜಾರಿದ ಬೆಟ್ಟ ಅದು.

ನಮ್ಮ ಸೀನಿಯರ್ ಒಬ್ಬರು ಇದೇ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಮರಳು ಸಿಕ್ಕಿ ಬಿದ್ದರು. ಕಾಲಿಗೆ ರಾಡ್ ಹಾಕಿದ್ದಾರೆ, ಒಂದು ಸೆಮ್ ಹೋಯಿತು. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ವಾಕರ್ ಹಿಡ್ಕೊಂಡು ಬಂದಿದ್ದನ್ನ ನೋಡಿದ್ದೀನಿ. ಅವರ ಅಪ್ಪ ಅಮ್ಮ ಲೋನ್ ಮಾಡಿ ಕೊಡಿಸಿದ್ದ ಬೈಕ್ ಗುಜರಿಗೆ ಹೋಯಿತು, ಇಎಂಐ ಮಾತ್ರ ಹಾಗೇ ಉಳೀತು. ಅವರು ಪುಂಡರಲ್ಲ ಗುರು. ನಾನು ನೋಡಿದ ಒಳ್ಳೇ ರೈಡರ್‌ಗಳಲ್ಲಿ ಅವರೂ ಒಬ್ಬರು. ಒಳ್ಳೇ ರೈಡರ್‌ಗೆ ತನ್ನನ್ನ ಅಳೆದು ನೋಡ್ಕೊಳ್ಳೋಕೆ ಈ ಊರಲ್ಲಿ ಜಾಗ ಇರಲಿಲ್ಲ, ಅಷ್ಟೇ.

ಈಗ ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದನ್ನ ಅಪರಾಧ ಅನ್ನುತ್ತದೆ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000. ಎಲ್ಲರೂ ಇಷ್ಟು ಓದಿ ನಿಲ್ಲಿಸಿಬಿಡ್ತಾರೆ. ಆದರೆ ಅದೇ ಸೆಕ್ಷನ್ನಿನ ವಾಕ್ಯ ಶುರುವಾಗೋದೇ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಯಾರು ರೇಸ್ ಮಾಡ್ತಾರೋ ಅವರಿಗೆ ಅಂತ. ಅಂದರೆ ಒಪ್ಪಿಗೆ ತಗೊಂಡು ಮಾಡೋಕೆ ಕಾನೂನೇ ಬಾಗಿಲು ಇಟ್ಟಿದೆ. ನಾವು ಯಾರೂ ಹೋಗಿ ತಟ್ಟಿಲ್ಲ.

ಮೈಸೂರಿಗೆ ಮೋಟಾರ್ ಹುಚ್ಚು ಹೊಸದೇನಲ್ಲ. ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರೇ ಬಂದು ಉದ್ಘಾಟನೆ ಮಾಡಿದ್ದರು. ಜಾವಾ, ಆಮೇಲೆ ಯೆಜ್ಡಿ, ರೋಡ್‌ಕಿಂಗ್ ಎಲ್ಲ ಇಲ್ಲಿಂದಲೇ ದೇಶ ಸುತ್ತಿದವು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಕಿಕ್ಕರ್ರೇ ಗೇರ್ ಲಿವರ್ ಆಗೋ ಆ ವಿಚಿತ್ರ ಡಿಸೈನ್ ನೋಡಿದ್ದೀರಾ? ಈಗಲೂ ಈ ಊರಿನ ಹಳೇ ಮೆಕ್ಯಾನಿಕ್‌ಗಳು ಟೂ ಸ್ಟ್ರೋಕ್ ಸದ್ದು ಕೇಳಿಯೇ ಪಾಯಿಂಟ್ ಸರಿಯಿಲ್ಲ ಅಂತ ಹೇಳ್ತಾರೆ. ನಂಜನಗೂಡು ರೋಡಲ್ಲಿ ಟಿವಿಎಸ್ ಕಾರ್ಖಾನೆ ಇದೆ. ದಸರಾ ಪಂಜಿನ ಕವಾಯತಿನಲ್ಲಿ ಸೇನೆಯವರು ಬೈಕ್ ಮೇಲೆ ಪಿರಮಿಡ್ ಮಾಡಿದಾಗ ಬನ್ನಿಮಂಟಪದ ಮೈದಾನ ಪೂರ್ತಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೆ. ಲಲಿತಮಹಲ್ ಪಕ್ಕದ ಮೈದಾನದಲ್ಲಿ ಕಾರುಗಳ ಗ್ರಾವೆಲ್ ಫೆಸ್ಟ್ ನಡೆದಾಗ ಬೇಲಿ ಹಿಡ್ಕೊಂಡು ಧೂಳು ತಿಂದವರಲ್ಲಿ ನಾನೂ ಒಬ್ಬ, ಆಗ ಸ್ಕೂಲಲ್ಲಿದ್ದೆ. ಅಂದರೆ ನೋಡೋಕೆ ಜನ ಇದ್ದಾರೆ, ಕೈಕೆಲಸ ಗೊತ್ತಿರೋರು ಇದ್ದಾರೆ, ಜಾಗವೂ ಇದೆ. ನಮ್ಮಂಥವರು ಬೇಲಿಯ ಒಳಗೆ ಹೋಗೋ ದಾರಿ ಮಾತ್ರ ಇಲ್ಲ, ಯಾಕಂದರೆ ಆ ದಾರಿಗೆ ದುಡ್ಡು ಬೇಕು.

ರೇಸಿಂಗ್ ಯಾಕಿಷ್ಟು ದುಬಾರಿ? ಗಾಡಿ ದುಬಾರಿ ಅನ್ನೋದು ಅರ್ಧ ಉತ್ತರ. ಇನ್ನರ್ಧ ಏನಂದರೆ, ಪಕ್ಕದವನು ಹತ್ತು ಸಾವಿರ ಖರ್ಚು ಮಾಡಿ ಅರ್ಧ ಸೆಕೆಂಡ್ ಉಳಿಸಿದರೆ ನೀವು ಇಪ್ಪತ್ತು ಸಾವಿರ ಸುರೀಬೇಕು. ಇದಕ್ಕೆ ಕೊನೆ ಇಲ್ಲ. ಯಾವುದೇ ಕ್ಲಾಸ್ ಶುರುವಾಗೋವಾಗ ಚೀಪಾಗೇ ಇರುತ್ತೆ, ನಾಲ್ಕು ವರ್ಷ ಕಳೆದ ಮೇಲೆ ಹೋಗಿ ನೋಡಿ, ಅಪ್ಪನ ಬಿಸಿನೆಸ್ ಇರೋರು ಮಾತ್ರ ಉಳಿದಿರ್ತಾರೆ. ಅದರ ಮೇಲೆ ದೂರದ ಖರ್ಚು. ದೇಶದ ಹೆಸರಾಂತ ಟ್ರ್ಯಾಕ್‌ಗಳು ಚೆನ್ನೈ ಹತ್ತಿರ, ಕೊಯಮತ್ತೂರಿನಲ್ಲಿ, ಗ್ರೇಟರ್ ನೊಯ್ಡಾದಲ್ಲಿವೆ. ಇಲ್ಲಿಂದ ಹತ್ತಿರದ್ದು ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 200 ಕಿ.ಮೀ. ಬೈಕನ್ನ ಟೆಂಪೋಗೆ ಹಾಕ್ಕೊಂಡು ದಿಂಬಂ ಘಾಟಿ ಇಳಿದು ಹೋಗಿ ಬರೋ ಬಾಡಿಗೆಯಲ್ಲೇ ನಮ್ಮ ತಿಂಗಳ ಮೆಸ್ ಬಿಲ್ ಮುಗಿಯುತ್ತೆ.

ಆ ಟ್ರ್ಯಾಕ್‌ಗೆ ಹೆಸರು ಬಂದಿದ್ದು ಎಸ್. ಕರಿವರ್ಧನ್ ಅವರಿಂದ. ನಮ್ಮಲ್ಲಿ ಬಹಳ ಜನಕ್ಕೆ ಈ ಹೆಸರು ಗೊತ್ತಿಲ್ಲ, ಗೊತ್ತಿರಬೇಕು. ಆ ಕಾಲದಲ್ಲಿ ಚೆನ್ನೈ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೇ ಏರ್‌ಸ್ಟ್ರಿಪ್ ಮೇಲೆ ರೇಸ್ ನಡೀತಿತ್ತು. ಶ್ರೀಮಂತರು ವಿದೇಶದಿಂದ ರೇಸ್ ಕಾರ್ ತರಿಸ್ತಿದ್ದರು. ವಿಜಯ್ ಮಲ್ಯ ಒಂದು ನಿಜವಾದ ಎಫ್‌ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದ್ದರು. ಕರಿವರ್ಧನ್ ಯೋಚನೆ ಬೇರೆ ಇತ್ತು. ಮಾರುತಿ 800ರ ಆ 796 ಸಿಸಿ ಎಂಜಿನ್ ತಗೊಂಡು, ಕೊಯಮತ್ತೂರಿನಲ್ಲೇ ಚಾಸಿ ಕಟ್ಟಿ, ಒಂದೇ ಸೀಟಿನ ಓಪನ್ ವೀಲ್ ಕಾರ್ ಮಾಡಿದರು. ಫಾರ್ಮುಲಾ ಮಾರುತಿ ಅಂತ ಹೆಸರು. ಅದನ್ನ ಒಂದಲ್ಲ ಎರಡಲ್ಲ, ಸಾಲಾಗಿ ಒಂದೇ ಥರ ಕಟ್ಟಿದರು. ಸಾಮಾನು ಎಲ್ಲ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಗೋದು. ನಾರಾಯಣ್ ಕಾರ್ತಿಕೇಯನ್ ರೇಸಿಂಗ್ ಶುರು ಮಾಡಿದ್ದು ಆ ಕಾರಲ್ಲಿ. 2005ರಲ್ಲಿ ಜೋರ್ಡನ್ ತಂಡದಲ್ಲಿ ಎಫ್‌ಒನ್ ಓಡಿಸಿದ ಮೊದಲ ಭಾರತೀಯ ಅವರೇ. ಕರಿವರ್ಧನ್ ಅದನ್ನ ನೋಡಲಿಲ್ಲ, 1995ರಲ್ಲಿ ಚಿಕ್ಕ ವಿಮಾನದ ಅಪಘಾತದಲ್ಲಿ ತೀರಿಕೊಂಡಿದ್ದರು.

ಮಾರುತಿ 800 ಗುರು! ನಮ್ಮ ಚಿಕ್ಕಪ್ಪ ಟೊಮೇಟೊ ಕ್ರೇಟ್ ಹಾಕ್ಕೊಂಡು ಆರ್‌ಎಂಸಿಗೆ ಹೋಗ್ತಿದ್ದ ಗಾಡಿಯ ಎಂಜಿನ್.

ಹೊರಗಿನ ದೇಶಗಳಲ್ಲಿ ಇಂಥ ಕೆಲಸ ಇನ್ನೂ ತಮಾಷೆಯಾಗಿ ನಡೆದಿದೆ. ಇಂಗ್ಲೆಂಡಿನಲ್ಲಿ 1939ರಲ್ಲಿ ಶುರುವಾದ 750 ಮೋಟಾರ್ ಕ್ಲಬ್ ಹಳೇ ಆಸ್ಟಿನ್ ಸೆವೆನ್ ಕಾರುಗಳನ್ನ ನಂಬಿಕೊಂಡು ಬೆಳೆದ ಕ್ಲಬ್. ಅಲ್ಲಿ ಆಸ್ಟಿನ್ ಸೆವೆನ್ ಬಿಚ್ಚಿ ಕಟ್ಟಿ ಓಡಿಸ್ತಿದ್ದ ಒಬ್ಬ ಯುವ ಎಂಜಿನಿಯರ್ ಹೆಸರು ಕಾಲಿನ್ ಚಾಪ್‌ಮನ್, ಆಮೇಲೆ ಲೋಟಸ್ ಕಟ್ಟಿದವನು. ಅದೇ ದೇಶದಲ್ಲಿ 1973ರಲ್ಲಿ ಕೆಲವರು ರೇಸಿಂಗ್ ದುಬಾರಿ ಆಯಿತು ಅಂತ ಬೇಜಾರಾಗಿ ಹುಲ್ಲು ಕತ್ತರಿಸೋ ಯಂತ್ರಗಳ ಮೇಲೆ ಕೂತು ರೇಸ್ ಶುರು ಮಾಡಿದರು. ಬ್ರಿಟಿಷ್ ಲಾನ್ ಮೋವರ್ ರೇಸಿಂಗ್ ಅಸೋಸಿಯೇಷನ್ ಅಂತ ಇವತ್ತಿಗೂ ಇದೆ. ಸ್ಪಾನ್ಸರ್ ಇಲ್ಲ, ನಗದು ಬಹುಮಾನ ಇಲ್ಲ. ಸ್ಟರ್ಲಿಂಗ್ ಮಾಸ್‌ನಂಥ ದೊಡ್ಡ ಹೆಸರೂ ಅಲ್ಲಿ ಓಡಿಸಿದೆ. ಅಮೆರಿಕದಲ್ಲಿ 2006ರಿಂದ '24 ಅವರ್ಸ್ ಆಫ್ ಲೆಮನ್ಸ್' ಅಂತ ನಡೆಯುತ್ತೆ, ಕಾರಿನ ಬೆಲೆ 500 ಡಾಲರ್ ದಾಟಬಾರದು ಅನ್ನೋದು ಅದರ ಮೂಲ ರೂಲ್. ಆದರೆ ಸೀಟ್ ಬೆಲ್ಟ್, ರೋಲ್ ಕೇಜ್, ಬ್ರೇಕ್ ಇಂಥ ಸೇಫ್ಟಿ ಸಾಮಾನಿನ ಖರ್ಚು ಆ 500ರ ಲೆಕ್ಕಕ್ಕೆ ಬರಲ್ಲ. ಎಂಜಿನ್‌ನಲ್ಲಿ ಜಿಪುಣತನ ಮಾಡಿ, ತಲೆ ವಿಷಯದಲ್ಲಿ ಮಾಡಬೇಡಿ ಅಂತ ಅರ್ಥ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಫಿನ್‌ಲ್ಯಾಂಡ್, ಸ್ವೀಡನ್ ಕಡೆಯ ಫೋಕ್‌ರೇಸ್. ಹಳೇ ಕಾರು, ಮಣ್ಣಿನ ಟ್ರ್ಯಾಕ್. ಅದರ ಅಸಲಿ ಬುದ್ಧಿ ಇರೋದು ಒಂದು ರೂಲ್‌ನಲ್ಲಿ. ರೇಸ್ ಮುಗಿದ ಮೇಲೆ ನಿಮ್ಮ ಕಾರನ್ನ ಮೊದಲೇ ನಿಗದಿಯಾದ ಬೆಲೆಗೆ ಯಾರು ಬೇಕಾದರೂ ಕೇಳಬಹುದು. ಕೇಳಿದರೆ ನೀವು ಕೊಡಲೇಬೇಕು. ಕೊಡಲ್ಲ ಅಂದರೆ ಲೈಸೆನ್ಸ್ ಹೋಗುತ್ತೆ. ತುಂಬ ಜನ ಕೇಳಿದರೆ ಚೀಟಿ ಎತ್ತುತ್ತಾರೆ. ಯೋಚನೆ ಮಾಡಿ, ನೀವು ಲಕ್ಷ ರೂಪಾಯಿ ಸುರಿದು ಎಂಜಿನ್ ಮಾಡಿಸಿದರೆ ಮೂರನೇ ಪ್ಲೇಸ್ ಬಂದವನು ಚಿಲ್ಲರೆ ದುಡ್ಡಿಗೆ ಅದನ್ನ ಹೊಡ್ಕೊಂಡು ಮನೆಗೆ ಹೋಗ್ತಾನೆ. ಹಾಗಾಗಿ ಯಾರೂ ಸುರಿಯಲ್ಲ. ಪೊಲೀಸ್ ಥರ ಇನ್‌ಸ್ಪೆಕ್ಷನ್ ಬೇಕಿಲ್ಲ, ಸೀಲ್ ಬೇಕಿಲ್ಲ, ದುರಾಸೆಗೆ ದುರಾಸೆಯೇ ಬೇಲಿ. ನಮ್ಮ ಮ್ಯಾನೇಜ್‌ಮೆಂಟ್ ಸಬ್ಜೆಕ್ಟ್‌ನಲ್ಲಿ ಗೇಮ್ ಥಿಯರಿ ಅಂತ ಎರಡು ಪೇಜ್ ಬರೆಸಿದರಲ್ಲ, ಅದಕ್ಕೆ ಇಷ್ಟು ಒಳ್ಳೇ ಉದಾಹರಣೆ ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ.

ಇನ್ನು ನಮ್ಮ ಊರಿಗೆ ಏನು ಮಾಡಬಹುದು ಅನ್ನೋದಕ್ಕೆ ಬರ್ತೀನಿ. ಮೊದಲು ಮೊಪೆಡ್.

ನಗಬೇಡಿ. ಎಕ್ಸ್‌ಎಲ್ ಅಂದರೆ ಹುಲ್ಲಿನ ಹೊರೆ, ಹಾಲಿನ ಕ್ಯಾನ್, ಮುಂದೆ ಒಂದು ಮಗು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಟಿ. ನರಸೀಪುರದಿಂದ ಹುಣಸೂರಿನವರೆಗೆ ಯಾವ ಹಳ್ಳಿಗೆ ಹೋದರೂ ನಾಲ್ಕು ಎಕ್ಸ್‌ಎಲ್ ನಿಂತಿರುತ್ತೆ. ರೇಸ್‌ಗೆ ಅದು ಬೇಕಾಗಿರೋದೂ ಅದಕ್ಕೇ. ಎಕ್ಸ್‌ಎಲ್ 100ರಲ್ಲಿ 99.7 ಸಿಸಿ ಎಂಜಿನ್, ನಾಲ್ಕು ಚಿಲ್ಲರೆ ಹಾರ್ಸ್‌ಪವರ್, ಗೇರ್ ಇಲ್ಲ, ತೂಕ ತೊಂಬತ್ತು ಕೆಜಿಯೊಳಗೆ. ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದು. ಪಾರ್ಟ್ಸ್ ಹೋಬಳಿ ಮಟ್ಟದಲ್ಲೂ ಸಿಗುತ್ತೆ. ಮಣ್ಣಿನ ಮೇಲೆ ಇನ್ನೂರೈವತ್ತು ಮುನ್ನೂರು ಮೀಟರಿನ ಓವಲ್ ಹಾಕಿದರೆ ನೇರ ಭಾಗದಲ್ಲಿ ಗಂಟೆಗೆ 40 ಕಿ.ಮೀ. ದಾಟೋದು ಕಷ್ಟ. ಲೆಕ್ಕ ಹಾಕಿ ನೋಡಿ. ಬೆಟ್ಟದ ರೋಡಲ್ಲಿ 200 ಸಿಸಿ ಬೈಕ್ ಮತ್ತು ರೈಡರ್ ಸೇರಿ 220 ಕೆಜಿ, 100ರ ವೇಗ ಅಂದ್ಕೊಳ್ಳಿ. ಎಕ್ಸ್‌ಎಲ್ ಮತ್ತು ರೈಡರ್ 150 ಕೆಜಿ, 40ರ ವೇಗ. ಕೈನೆಟಿಕ್ ಎನರ್ಜಿ ವೇಗದ ವರ್ಗದ ಲೆಕ್ಕದಲ್ಲಿ ಏರೋದರಿಂದ ಎರಡನೆಯದರ ಎನರ್ಜಿ ಮೊದಲನೆಯದರ ಒಂಬತ್ತರಲ್ಲಿ ಒಂದು ಭಾಗ ಮಾತ್ರ. ಆದರೆ ಪಕ್ಕದಲ್ಲಿ ಇನ್ನೊಬ್ಬ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿಕೊಂಡು ತಿರುವಿಗೆ ನುಗ್ಗುತ್ತಿದ್ದರೆ ಎದೆ ಹೊಡ್ಕೊಳ್ಳೋದು ಒಂದೇ ಥರ. ನಮಗೆ ಬೇಕಿರೋದು ಆ ಎದೆಬಡಿತ ತಾನೆ? ಅದು 100ರಲ್ಲಿ ಮಾತ್ರ ಸಿಗುತ್ತೆ ಅಂತ ಯಾರು ಹೇಳಿದರು?

ಎಂಜಿನ್ ಮುಟ್ಟೋ ಹಾಗಿಲ್ಲ. ಸ್ಪ್ರಾಕೆಟ್ ಮಾತ್ರ ಬದಲಿಸಬಹುದು. ಗೇರ್ ಇಲ್ಲದ ಗಾಡಿ ಆದ್ದರಿಂದ ಹಿಂದಿನ ಸ್ಪ್ರಾಕೆಟ್‌ನಲ್ಲಿ ಎಷ್ಟು ಹಲ್ಲು ಅನ್ನೋದರ ಮೇಲೇ ಅರ್ಧ ರೇಸ್ ನಿಂತಿರುತ್ತೆ. ಪಿಕಪ್ ಬೇಕಾ, ಸ್ಪೀಡ್ ಬೇಕಾ? ಅದನ್ನ ಕೂತು ಲೆಕ್ಕ ಹಾಕಬೇಕು, ಇಲ್ಲಾಂದರೆ ಎಂಜಿನಿಯರಿಂಗ್ ಯಾಕೆ ಓದ್ತಿದ್ದೀವಿ? ಕ್ಯಾರಿಯರ್ ಬಿಚ್ಚಬಹುದು. ಹೆಲ್ಮೆಟ್, ಗ್ಲೌಸ್, ಮೊಣಕಾಲು ಮೊಣಕೈ ಗಾರ್ಡ್, ಪಾದ ಮುಚ್ಚೋ ಶೂ ಇಲ್ಲದವರಿಗೆ ಎಂಟ್ರಿ ಇಲ್ಲ. ಆಮೇಲೆ ಫಿನ್‌ಲ್ಯಾಂಡ್ ರೂಲ್: ರೇಸ್ ಆದಮೇಲೆ ಯಾವ ಗಾಡಿಯನ್ನಾದರೂ 20,000 ರೂಪಾಯಿಗೆ ಕೇಳಬಹುದು. ಹಳೇ ಎಕ್ಸ್‌ಎಲ್ ಆ ಆಸುಪಾಸಿನಲ್ಲೇ ಸಿಗುತ್ತೆ ಅಂತ ನಾನು ವಿಚಾರಿಸಿದ ಮೂರು ನಾಲ್ಕು ಕಡೆ ಹೇಳಿದರು. ನಾಲ್ಕು ಜನ ಸೇರಿ ತಗೊಂಡರೆ ತಲೆಗೆ ಐದು ಸಾವಿರ. ನಮ್ಮ ಫೆಸ್ಟ್‌ಗೆ ಹಾಕಿಸೋ ಹೂಡಿ, ಡಿಜೆ ಎಲ್ಲದಕ್ಕೂ ಕೊಡೋದಕ್ಕಿಂತ ತುಂಬ ಜಾಸ್ತಿ ಏನಲ್ಲ.

ತೂಕದ ವಿಷಯ ಒಂದಿದೆ. ನನ್ನ ರೂಮ್‌ಮೇಟ್ 55 ಕೆಜಿ, ನಾನು 85. ಅವನು ಕೂತ ಎಕ್ಸ್‌ಎಲ್‌ಗಿಂತ ನಾನು ಕೂತ ಎಕ್ಸ್‌ಎಲ್ ಶೇಕಡಾ 20ರಷ್ಟು ಭಾರ. ನಾಲ್ಕು ಹಾರ್ಸ್‌ಪವರಿನ ಗಾಡಿಗೆ ಅದು ಬೆಟ್ಟ ಹೊತ್ತ ಹಾಗೆ. ಇದಕ್ಕೆ ಉತ್ತರ ಬೆಟ್ಟದ ಬುಡದ ರೇಸ್‌ಕೋರ್ಸ್‌ನಲ್ಲೇ ಇದೆ. ಅಲ್ಲಿ ಜೋರಾಗಿ ಓಡೋ ಕುದುರೆಗೆ ಜಾಸ್ತಿ ತೂಕ ಹೊರಿಸ್ತಾರೆ, ಹ್ಯಾಂಡಿಕ್ಯಾಪ್ ಅಂತಾರೆ. ನಾವೂ ಅಷ್ಟೇ, ಹಗುರ ಇರೋರ ಗಾಡಿಗೆ ಮರಳಿನ ಚೀಲ ಕಟ್ಟೋಣ. ಕ್ಯಾರಿಯರ್ ಇರೋದೇ ಅದಕ್ಕೆ.

ಇಂಥ ಕ್ಲಾಸ್ ವಿಂಗಡಣೆ ನಮಗೆ ಹೊರಗಿಂದ ಬರಬೇಕಿಲ್ಲ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಅಂತ ವಿಭಾಗ ಮಾಡಿದ್ದಾರೆ, ಹಗ್ಗ ನೇಗಿಲುಗಳಲ್ಲಿ ಮತ್ತೆ ಹಿರಿಯ, ಕಿರಿಯ ಅಂತ ಬೇರೆ. ಹೊಸ ಜೋಡಿ ಕೋಣಗಳನ್ನ ಮೊದಲನೇ ದಿನವೇ ಚಾಂಪಿಯನ್‌ಗಳ ಜೊತೆ ಓಡಿಸಲ್ಲ. ನಮ್ಮ ದಸರಾ ಕುಸ್ತಿಗೂ ಮೊದಲು ಜೋಡಿ ಕಟ್ಟುತ್ತಾರೆ, ಸಮಬಲ ನೋಡಿ. ಗರಡಿಯ ಉಸ್ತಾದರಿಗೆ ಗೊತ್ತಿರೋ ವಿಷಯ ನಮ್ಮ ಮೋಟಾರ್ ಕ್ಲಬ್‌ಗಳಿಗೆ ಗೊತ್ತಾಗಬೇಕಷ್ಟೆ. ಎಕ್ಸ್‌ಎಲ್ ಕ್ಲಾಸ್ ಅಂದರೆ ಕಿರಿಯ ವಿಭಾಗ.

ಇದರಲ್ಲಿ ಹುಡುಗಿಯರಿಗೂ ಸುಲಭವಾಗಿ ಜಾಗ ಆಗುತ್ತೆ, ಪ್ರತ್ಯೇಕ ಕ್ಲಾಸ್ ಬೇಕಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಜಾಸ್ ವಿಶ್ವಕಪ್ ಗೆದ್ದು ಬಂದರು. ನಮ್ಮ ಬ್ರಾಂಚ್‌ನಲ್ಲಿ ದಿನಾ ಕೆ.ಆರ್. ನಗರದಿಂದ ಸ್ಕೂಟಿಯಲ್ಲಿ ಬರೋ ಒಬ್ಬಳು ಇದ್ದಾಳೆ, ಮಳೆಯಲ್ಲಿ ಅವಳು ಓಡಿಸೋದನ್ನ ನೋಡಿದರೆ ನಮ್ಮ ಅರ್ಧ ಡ್ಯೂಕ್ ಗ್ಯಾಂಗ್ ಸುಮ್ಮನಾಗುತ್ತೆ.

ಎರಡನೇದು ಮಾರುತಿ 800 ಅಥವಾ ಹಳೇ ಆಲ್ಟೊ, ಆಟೋಕ್ರಾಸ್ ಮಾದರಿ. ಕೋನ್ ಇಟ್ಟ ಮೈದಾನ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಸ್ಟಾಪ್‌ವಾಚ್. ಡಿಕ್ಕಿಯ ಪ್ರಶ್ನೆಯೇ ಬರಲ್ಲ. 800 ಬರೋದು ನಿಂತಿದ್ದು 2014ರಲ್ಲಿ, ಹದಿನೈದು ವರ್ಷ ತುಂಬಿ ಎಫ್‌ಸಿ ಮಾಡಿಸೋದು ಬೇಡ ಅಂತ ಶೆಡ್‌ಗೆ ತಳ್ಳಿರೋ ಕಾರುಗಳು ಊರ ತುಂಬ ಇವೆ. ಇದರಲ್ಲಿ ದೊಡ್ಡ ಲಾಭ ಏನಂದರೆ ಒಬ್ಬೊಬ್ಬರೇ ಓಡಿಸೋದರಿಂದ ಒಂದೇ ಕಾರಲ್ಲಿ ಎಂಟು ಜನ ಸ್ಪರ್ಧೆ ಮಾಡಬಹುದು. ಎಂಟು ಜನಕ್ಕೂ ಒಂದೇ ಎಂಜಿನ್, ಒಂದೇ ಟೈರ್. ಸೋತವನಿಗೆ ಗಾಡಿ ಸರಿಯಿಲ್ಲ ಅನ್ನೋ ನೆಪವೂ ಇರಲ್ಲ. ರೋಲ್ ಕೇಜ್ ಮಾತ್ರ ಸರಿಯಾದ ಸೀಮ್‌ಲೆಸ್ ಟ್ಯೂಬ್‌ನಲ್ಲೇ ಆಗಬೇಕು, ಗ್ರಿಲ್ ಅಂಗಡಿಯ ಪೈಪ್ ಬೆಸೆದು ತರೋದಾದರೆ ಬೇಡವೇ ಬೇಡ.

ನಮ್ಮ ವರ್ಕ್‌ಶಾಪ್ ಹಿಂದೆ ಟಾರ್ಪಾಲಿನ್ ಹೊದ್ದು ಮಲಗಿರೋ ಬಗ್ಗಿ ಎಲ್ಲರೂ ನೋಡಿದ್ದೀರಿ. ಬಾಜಾ ಎಸ್‌ಎಇಗೆ ಅಂತ ಸೀನಿಯರ್‌ಗಳು ರಾತ್ರಿಯೆಲ್ಲ ವೆಲ್ಡಿಂಗ್ ಮಾಡಿ ಕಟ್ಟಿದ್ದು. ಬಾಜಾ ಅಂದರೆ ಎಲ್ಲ ತಂಡಕ್ಕೂ ಒಂದೇ ಥರದ ಸುಮಾರು ಹತ್ತು ಹಾರ್ಸ್‌ಪವರಿನ ಎಂಜಿನ್, ಸ್ಪರ್ಧೆ ಇರೋದು ಡಿಸೈನ್‌ನಲ್ಲಿ. ಒಂದು ಈವೆಂಟ್‌ಗೆ ಹೋಗಿ ಬಂದ ಮೇಲೆ ಅದರ ಆಯಸ್ಸು ಮುಗೀತು. ಊರಿನ ಬೇರೆ ಕಾಲೇಜುಗಳಲ್ಲೂ ಇಂಥವು ಇರಲೇಬೇಕು. ಅವನ್ನೆಲ್ಲ ವರ್ಷಕ್ಕೆ ಎರಡು ಸಲ ಒಂದು ಕಡೆ ಸೇರಿಸಿದರೆ ಒಂದು ಕ್ಲಾಸ್ ಆಯಿತು, ಹೊಸ ಖರ್ಚು ಪೆಟ್ರೋಲ್ ಮಾತ್ರ.

ಎಂಜಿನ್ನೇ ಬೇಡ ಅನ್ನೋರಿಗೆ ಗ್ರಾವಿಟಿ ಕಾರ್ಟ್. ಅಮೆರಿಕದ ಮಕ್ಕಳು 1930ರ ದಶಕದಿಂದ ಸೋಪ್‌ಬಾಕ್ಸ್ ಡರ್ಬಿ ಅಂತ ಮಾಡ್ತಿದ್ದಾರೆ. ಚಾಮುಂಡಿ ಬೆಟ್ಟ ನೋಡಿದ ತಕ್ಷಣ ಎಲ್ಲರಿಗೂ ಇಲ್ಲೇ ಬಿಡೋಣ ಅನ್ನಿಸುತ್ತೆ. ಊರಿಂದ ಸುಮಾರು 300 ಮೀಟರ್ ಎತ್ತರ, ಘರ್ಷಣೆ ಬಿಟ್ಟು ಕಾಗದದ ಮೇಲೆ ಲೆಕ್ಕ ಹಾಕಿದರೆ ಕೆಳಗೆ ಬರೋಷ್ಟರಲ್ಲಿ ಗಂಟೆಗೆ 270 ಕಿ.ಮೀ. ಅದು ರೇಸ್ ಅಲ್ಲ, ಆತ್ಮಹತ್ಯೆ. ಆದರೆ ಅದೇ ಫಾರ್ಮುಲಾದಲ್ಲಿ ಬರೀ 5 ಮೀಟರ್ ಇಳಿಜಾರು ಹಾಕಿ, 35 ಬರುತ್ತೆ. ಬೇರಿಂಗ್, ಗಾಳಿ ಎಲ್ಲ ಸೇರಿ ನಿಜದಲ್ಲಿ ಇನ್ನೂ ಕಮ್ಮಿ. ನಮ್ಮ ಮೇನ್ ಗೇಟಿಂದ ಲೈಬ್ರರಿವರೆಗಿನ ಇಳಿಜಾರು ಸಾಕು. ಸೈಕಲ್ ಚಕ್ರ, ಬೇರಿಂಗ್, ಎರಡು ಒಳ್ಳೇ ಬ್ರೇಕ್. ಫಸ್ಟ್ ಇಯರ್‌ನವರಿಗೆ ಡ್ರಾಯಿಂಗ್ ಶೀಟ್ ಬಿಟ್ಟು ಏನಾದರೂ ಕಟ್ಟೋಕೆ ಸಿಕ್ಕಿದ ಹಾಗಾಗುತ್ತೆ. ಎಲೆಕ್ಟ್ರಿಕ್ ಕ್ಲಾಸ್ ಬಗ್ಗೆ ಈಗ ಬರೆಯಲ್ಲ, ಹಳೇ ಬ್ಯಾಟರಿ ನಂಬೋದು ಹೇಗೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಜಾವಾ ಕ್ಲಾಸ್ ಮಾಡೋಣ ಅಂತ ಒಬ್ಬ ಫ್ರೆಂಡ್ ಹೇಳಿದ. ಕೇಳೋಕೆ ಚೆಂದ, ಮೈಸೂರಿನದ್ದೇ ಗಾಡಿ ಬೇರೆ. ಆದರೆ ಈಗ ಒಳ್ಳೇ ರೋಡ್‌ಕಿಂಗ್ ಇಟ್ಟಿರೋರು ಅದನ್ನ ಮಗಳ ಥರ ನೋಡ್ಕೊಳ್ತಾರೆ, ಮಣ್ಣಲ್ಲಿ ಬೀಳಿಸೋಕೆ ಕೊಡ್ತಾರಾ?

ಜಾಗ ಎಲ್ಲಿ? ಆಷಾಢ ಶುಕ್ರವಾರ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಪಾರ್ಕ್ ಮಾಡಿಸಿ, ಬಸ್‌ನಲ್ಲಿ ಮೇಲೆ ಕರ್ಕೊಂಡು ಹೋಗ್ತಾರೆ. ಸಾವಿರಾರು ಜನ, ಸಾಲು, ಬ್ಯಾರಿಕೇಡ್, ಆಂಬುಲೆನ್ಸ್, ಎಲ್ಲ ಅಚ್ಚುಕಟ್ಟು. ಅಷ್ಟು ದೊಡ್ಡದನ್ನ ನಡೆಸೋ ಜಿಲ್ಲಾಡಳಿತಕ್ಕೆ ಅದೇ ಥರದ ಒಂದು ಮೈದಾನದಲ್ಲಿ ತಿಂಗಳಿಗೊಂದು ಭಾನುವಾರ ಇನ್ನೂರು ಹುಡುಗರನ್ನ ಸಂಭಾಳಿಸೋದು ದೊಡ್ಡ ಮಾತಲ್ಲ. ದಸರಾಗೆ ಕುಸ್ತಿ ಇದೆ, ಯುವ ದಸರಾ ಇದೆ. ಒಂದು ಮೊಪೆಡ್ ಕಪ್ ಸೇರಿಸಿದರೆ ಹಳ್ಳಿಯಿಂದ ಹುಡುಗರು ತಮ್ಮ ಗಾಡಿಯಲ್ಲೇ ಬಂದು, ಓಡಿಸಿ, ಅದರಲ್ಲೇ ವಾಪಸ್ ಹೋಗ್ತಾರೆ.

ಇದಕ್ಕೆ ವಿರೋಧ ಬರುತ್ತೆ. ನಮ್ಮ ಮನೆಯಲ್ಲೇ ಬಂತು. ಅಮ್ಮ ಕೇಳಿದ್ದು, "ರೇಸ್ ಕಲಿಸಿದರೆ ರೋಡಲ್ಲಿ ಇನ್ನೂ ಜೋರಾಗಿ ಹೋಗಲ್ವೇನೋ?" ನ್ಯಾಯವಾದ ಪ್ರಶ್ನೆ. ಕೆಲವರು ಹೋಗಬಹುದು, ಅದನ್ನ ನಾನು ಅಲ್ಲಗಳೆಯಲ್ಲ. ಅದಕ್ಕೇ ರೂಲ್ ಹೀಗಿರಬೇಕು: ಬೆಟ್ಟದಲ್ಲೋ ರಿಂಗ್ ರೋಡಲ್ಲೋ ವೀಲಿಂಗ್ ಮಾಡಿ ಸಿಕ್ಕಿಬಿದ್ದವನಿಗೆ ಆ ಸೀಸನ್ ಪೂರ್ತಿ ಎಂಟ್ರಿ ಇಲ್ಲ, ಅವನ ಟೀಮ್‌ನ ಪಾಯಿಂಟ್ಸೂ ಸೊನ್ನೆ. ಪೊಲೀಸರು ಹಾಕೋ ದಂಡ ಅಪ್ಪ ಕಟ್ತಾರೆ. ಟೀಮ್‌ನ ನಾಲ್ಕು ಜನ ಬೈಯೋದನ್ನ ಅಪ್ಪ ಕಟ್ಟೋಕಾಗಲ್ಲ. ಈಗ ನೋಡಿ, ಬೆಟ್ಟದ ರೋಡಲ್ಲಿ ಜೋರಾಗಿ ಹೋದವನಿಗೆ ಕಳ್ಕೊಳ್ಳೋಕೆ ಏನೂ ಇಲ್ಲ, ಜೀವ ಬಿಟ್ಟು. ಹತ್ತೊಂಬತ್ತು ವಯಸ್ಸಲ್ಲಿ ಜೀವ ಹೋಗುತ್ತೆ ಅಂತ ಯಾರೂ ನಂಬಲ್ಲ. ಪಾಯಿಂಟ್ಸ್ ಹೋಗುತ್ತೆ ಅಂದರೆ ನಂಬ್ತಾರೆ.

ಬೆಟ್ಟ ಉಳಿಸಿ ಅಂತ ಹೋರಾಡ್ತಿರೋರಿಗೆ ಸದ್ದು, ಧೂಳಿನ ಚಿಂತೆ ಇರುತ್ತೆ. ರೋಪ್‌ವೇ ಬೇಡ ಅಂತ ಅವರು ನಿಂತಾಗ ನನಗೂ ಸರಿ ಅನ್ನಿಸಿತ್ತು. ಕಾಡಿನ ಅಂಚಿನಲ್ಲಿ ಮಾಡೋದು ಬೇಡ, ಊರ ಕಡೆಯ ಮೈದಾನವೇ ಆಗಲಿ, ಸೈಲೆನ್ಸರ್ ಬಿಚ್ಚಿದ ಗಾಡಿ ಸ್ಟಾರ್ಟ್ ಲೈನ್‌ಗೂ ಬರೋ ಹಾಗಿಲ್ಲ. ಇವತ್ತು ರಾತ್ರಿ ಹೊತ್ತು ಬೆಟ್ಟದ ಬುಡದಲ್ಲಿ ಕೇಳೋ ಸದ್ದಿಗಿಂತ ಅದು ಕಮ್ಮಿಯೇ.

ದೊಡ್ಡ ಈವೆಂಟ್ ಆದರೆ ಎಫ್‌ಎಂಎಸ್‌ಸಿಐ ಮಾನ್ಯತೆ, ಸ್ಪರ್ಧಿಗಳಿಗೆ ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬೇಕು. ಅದು ಒಬ್ಬ ಸ್ಟೂಡೆಂಟ್ ಕೈಲಿ ಆಗೋ ಕೆಲಸ ಅಲ್ಲ, ಊರಿನ ಮೋಟಾರ್ ಕ್ಲಬ್‌ನ ಹಿರಿಯರು ಕೈ ಹಾಕಬೇಕು. ನಮ್ಮ ಕೈಲಿ ಆಗೋದು ಚಿಕ್ಕದು. ಕಾಲೇಜಿನ ಒಳಗೆ, ಮೆಕ್ಯಾನಿಕಲ್ ಬ್ಲಾಕ್ ಹಿಂದಿನ ಖಾಲಿ ಜಾಗದಲ್ಲಿ, ಒಂದು ಎಕ್ಸ್‌ಎಲ್, ನಲವತ್ತು ಕೋನ್, ಎರಡು ಸ್ಟಾಪ್‌ವಾಚ್, ಒಬ್ಬೊಬ್ಬರೇ ಓಡಿಸೋದು. ಎಚ್‌ಒಡಿ ಸರ್‌ಗೆ ಕೊಡೋಕೆ ಅರ್ಜಿ ಬರೆದಿದ್ದೀನಿ. ಸೇಫ್ಟಿ ಪ್ಲ್ಯಾನ್ ಒಂದೂವರೆ ಪೇಜ್ ಇದೆ, ಆಂಬುಲೆನ್ಸ್ ಖರ್ಚು ಯಾರು ಕೊಡ್ತಾರೆ ಅನ್ನೋ ಜಾಗ ಮಾತ್ರ ಖಾಲಿ ಬಿಟ್ಟಿದ್ದೀನಿ. ಐವತ್ತು ಸಹಿ ಬೇಕು. ಇಲ್ಲಿವರೆಗೆ ಹದಿನೇಳು ಆಗಿದೆ. ಅದರಲ್ಲಿ ಮೊದಲನೇದು ವಾಕರ್ ಹಿಡ್ಕೊಂಡು ಬಂದ ಆ ಸೀನಿಯರ್‌ದು. ಅರ್ಜಿ ಕನ್ನಡ ಕ್ಲಬ್ ರೂಮಿನ ಟೇಬಲ್ ಮೇಲಿದೆ, ಮಧ್ಯಾಹ್ನ ಊಟದ ಬ್ರೇಕ್‌ನಲ್ಲಿ ರೂಮ್ ತೆಗೆದಿರುತ್ತೆ. ಪೆನ್ ನೀವೇ ತನ್ನಿ, ಅಲ್ಲಿರೋದನ್ನ ಯಾರೋ ಹೊತ್ಕೊಂಡು ಹೋಗಿದ್ದಾರೆ.